ಪಾಪರ್ ಬರ್ನ್ ಡೆಕ್: ಎದುರಿನಾಂವ 3–4 ಲೈಫ್‌ಗೆ ಬಂದು ನಿಲ್ತಾನ, ಎಲ್ಲಿ ತಪ್ಪೈತಿ?

ಖಡೇಬಜಾರ (ಬೆಳಗಾವಿ):

ನಮಸ್ಕಾರ್ರಿ. ಇಲ್ಲಿ ಬೆಳಗಾವ್ಯಾಗ ನಾವೊಂದಿಷ್ಟು ಕಾಲೇಜ್ ಹುಡುಗೂರು ರವಿವಾರ ಸಂಜಿಕ ಟಿಳಕವಾಡ್ಯಾಗ ಗೆಳೆಯನ ಮನ್ಯಾಗ ಕೂಡಿ ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನೂ ಕಾರ್ಡ್ ಆಟ ಆಡ್ತೇವಿ. ಬರೇ ಪಾಪರ್ ಫಾರ್ಮ್ಯಾಟ್. ಕಾಮನ್ ಆಗಿ ಅಚ್ಚಾದ ಕಾರ್ಡಷ್ಟ ನಡೀತಾವು, ರೊಕ್ಕಾ ಕಮ್ಮಿ ಸಾಕಾಗತೈತಿ. ನಂದು ಪೂರಾ ಕೆಂಪು ಬರ್ನ್ ಡೆಕ್, ಅಂದ್ರ ನೇರ ಡ್ಯಾಮೇಜ್ ಹೊಡದು ಎದುರಿನಾಂವನ ಲೈಫ್ (ಜೀವದ ಅಂಕ) ಸೊನ್ನೆಗೆ ಇಳಸೂ ಡೆಕ್.

ಸಮಸ್ಯೆ ಏನಂದ್ರ, ಆಟ ಶುರುವಾತಿಗೆ ಛಲೋನ ನಡೀತೈತಿ. ನಾಲ್ಕನೇ ಟರ್ನ್ ಮುಗಿಯೂದ್ರಾಗ ಎದುರಿನಾಂವ 20ರಿಂದ 8–9ಕ್ಕ ಇಳದಿರ್ತಾನ. ಅಲ್ಲಿಂದ ಮುಂದ ಎಳದು ಎಳದು 3 ಇಲ್ಲಾ 4 ಲೈಫ್‌ಗೆ ಬಂದು ನಿಲ್ಲತೈತಿ. ಕೈಯಾಗ ಕಾರ್ಡ್ ಇದ್ರೂ ಮುಗಸಾಕ ಬರಂಗಿಲ್ಲ. ಗೆಳೆಯಾರು ನಸೀಬ ಅಂತಾರ. ನನಗ ಹಂಗ ಅನಸಂಗಿಲ್ಲ. ಹರಸಲಾ ಅದ ಜಾಗಾದಾಗ ನಿಲ್ಲತೈತಿ ಅಂದ್ರ ಡೆಕ್‌ನಾಗ ಏನೋ ಐತಿ.

ಲಿಸ್ಟ್:

ಲ್ಯಾಂಡ್ (ಕಾರ್ಡ್ ಹಾಕಾಕ ಬೇಕಾದ ಮಾನಾ ಕೊಡೂವು) 20: ಮೌಂಟನ್ 12, ಗ್ರೇಟ್ ಫರ್ನೆಸ್ 4, ಫರ್ಗಾಟನ್ ಕೇವ್ 4
ಕ್ರೀಚರ್ 12: ಥರ್ಮೋ-ಆಲ್ಕೆಮಿಸ್ಟ್ 4, ಕೆಸಿಗ್ ಫ್ಲೇಮ್‌ಬ್ರೀದರ್ 4, ಫೈರ್‌ಬ್ರಾಂಡ್ ಆರ್ಚರ್ 4
ಸ್ಪೆಲ್ 28: ಲೈಟ್ನಿಂಗ್ ಬೋಲ್ಟ್ 4, ಚೈನ್ ಲೈಟ್ನಿಂಗ್ 4, ಲಾವಾ ಸ್ಪೈಕ್ 4, ಗಾಲ್ವಾನಿಕ್ ಬ್ಲಾಸ್ಟ್ 4, ಫೈರ್‌ಬ್ಲಾಸ್ಟ್ 4, ರೆಕ್‌ಲೆಸ್ ಇಂಪಲ್ಸ್ 4, ರೆನ್ಸ್ ರಿಸಾಲ್ವ್ 4

ಮುಂದಿನ ತಿಂಗಳ ಕೊಲ್ಹಾಪುರಕ್ಕ ಆಡಾಕ ಹೋಗೂದೈತಿ. ಅಷ್ಟರಾಗ ಇದನ್ನ ಸರಿ ಮಾಡ್ಬೇಕು. ಹೊಸಾ ಕಾರ್ಡ್ ಭಾಳ ತಗೊಳ್ಳಾಕ ಆಗಂಗಿಲ್ಲ, ಎಂಟು-ಹತ್ತು ಕಾರ್ಡ್ ನಡೀತಾವು.

ಘಟಪ್ರಭಾ_ದಂಡಿ (ಬಾಗಲಕೋಟೆ):

ಬರ್ನ್‌ಗೆ 20 ಲ್ಯಾಂಡ್ ಭಾಳ ಆತು ತಮ್ಮಾ. 16ಕ್ಕ ಇಳಿಸು. ಉಳದ ನಾಕ್ ಜಾಗಾಕ್ಕ ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್ ಹಾಕು, ಒಂದನೇ ಟರ್ನ್‌ದಿಂದ ಹೊಡ್ಯಾಕ ಶುರು ಮಾಡತೈತಿ.

ಗೋಳಗುಮ್ಮಟ_60 (ವಿಜಯಪುರ):

ಸ್ವಿಫ್ಟ್‌ಸ್ಪಿಯರ್ ಪಾಪರ್‌ನಾಗ 2023ರಾಗ ಬ್ಯಾನ್ ಆಗೇದ, ಅದನ್ನ ಬಿಡ್ರಿ. 2019ರಿಂದ ಆನ್‌ಲೈನ್‌ಗೂ ಕಾಗದದ ಕಾರ್ಡಿಗೂ ಪಾಪರ್ ಲಿಸ್ಟ್ ಒಂದ ಅದ. ಹಿಂಗಾಗಿ ಕೊಲ್ಹಾಪುರಕ್ಕ ಹೋಗೂ ಮುಂಚೆ ಆ ಲಿಸ್ಟ್ ಒಮ್ಮೆ ತೆಗದು ನೋಡೇ ಹೋಗು.

ಉತ್ತರಾ ಬರೆಯೂ ಮೊದಲ ಎರಡು ಮಾತು ಕೇಳ್ತೀನಿ. ಸೋತ ಆಟದಾಗ ಕಡೀಕ ಕೈಯಾಗ ಯಾವ ಕಾರ್ಡ್ ಉಳಿತದ? ಗಾಲ್ವಾನಿಕ್ ಬ್ಲಾಸ್ಟ್ ಯಾವಾಗರೆ 4 ಡ್ಯಾಮೇಜ್ ಹೊಡದದೇನು?

ಖಡೇಬಜಾರ:

ಹೆಚ್ಚಾಗಿ ಫೈರ್‌ಬ್ಲಾಸ್ಟ್ ಉಳಿತೈತ್ರಿ ಅಣ್ಣಾರ. ಮೂರು ಲ್ಯಾಂಡ್ ಇರ್ತಾವು, ಆದ್ರ ಅದರಾಗ ಒಂದು ಫರ್ನೆಸ್, ಒಂದು ಕೇವ್ ಇರತೈತಿ. ಗಾಲ್ವಾನಿಕ್ ಯಾವಾಗ್ಲೂ 2ನ ಹೊಡದೈತಿ. ಫರ್ನೆಸ್ ಇದ್ದದ್ದಕ್ಕ ಹಾಕಿದ್ದೆ ಅದನ್ನ.

ಗೋಳಗುಮ್ಮಟ_60:

ಹಂಗಾರ ರೋಗ ಸಿಕ್ಕಿತು. ನಿನ್ನ ಡೆಕ್‌ನಾಗ ಎರಡು ಡೆಕ್ ಕೂಡ್ಯಾವ. ಒಂದು ಬರ್ನ್, ಇನ್ನೊಂದು ಅಫಿನಿಟಿ ಅನ್ನೂ ಆರ್ಟಿಫ್ಯಾಕ್ಟ್ ಕಾರ್ಡಿನ ಡೆಕ್‌ನ ತುಣುಕು. ಗ್ರೇಟ್ ಫರ್ನೆಸ್ ಮತ್ತ ಗಾಲ್ವಾನಿಕ್ ಬ್ಲಾಸ್ಟ್ ಅಫಿನಿಟಿಯೊಳಗ ಬಂಗಾರದಂಥ ಜೋಡಿ, ಯಾಕಂದ್ರ ಅಲ್ಲಿ ಟೇಬಲ್ ತುಂಬ ಆರ್ಟಿಫ್ಯಾಕ್ಟ್ ಇರ್ತಾವ. ಗಾಲ್ವಾನಿಕ್ 4 ಹೊಡೀಬೇಕಂದ್ರ ನಿನ್ನ ಮುಂದ ಮೂರು ಆರ್ಟಿಫ್ಯಾಕ್ಟ್ ಇರಬೇಕು. ನಿನ್ನ ಇಡೀ ಡೆಕ್‌ನಾಗ ಇರೂದ ನಾಕು ಫರ್ನೆಸ್, ಅವೂ ಲ್ಯಾಂಡ್. ಅಂದ್ರ ಅದು ನಿನ್ನ ಕೈಯಾಗ ಯಾವತ್ತೂ 2 ಡ್ಯಾಮೇಜಿನ ಕಾರ್ಡ್.

ಫರ್ನೆಸ್ ಮಾಡೂ ದೊಡ್ಡ ಹಾನಿ ಬ್ಯಾರೆ ಕಡೆ ಅದ. ಫೈರ್‌ಬ್ಲಾಸ್ಟ್ ಪುಕ್ಕಟೆ ಹೊಡೀಬೇಕಂದ್ರ ಎರಡು ಮೌಂಟನ್ ಬಲಿ ಕೊಡಬೇಕು. ಫರ್ನೆಸ್ ಕೆಂಪು ಮಾನಾ ಕೊಡ್ತದ, ಆದ್ರ ಅದು ಮೌಂಟನ್ ಅಲ್ಲ. ಕೇವ್‌ದೂ ಅದ ಕಥಿ. ನಿನ್ನ 20 ಲ್ಯಾಂಡಿನಾಗ ಮೌಂಟನ್ 12. ಮೂರು ಲ್ಯಾಂಡ್ ಬಂದಾಗ ಅದರಾಗ ಎರಡರೆ ಮೌಂಟನ್ ಇರೂ ಸಾಧ್ಯತೆ ಲೆಕ್ಕಾ ಹಾಕಿದೆ, 66% ಬಂತು. ಅಂದ್ರ ಮೂರು ಆಟಕ್ಕ ಒಂದರಾಗ, ಮೂರು ಲ್ಯಾಂಡ್ ಇದ್ರೂ ಫೈರ್‌ಬ್ಲಾಸ್ಟ್ ಕೈಯಾಗ ಸತ್ತು ಬಿದ್ದಿರ್ತದ. ಫೈರ್‌ಬ್ಲಾಸ್ಟ್ ಹೊಡೀತದ 4. ನಿನ್ನ ಎದುರಿನಾಂವ ನಿಲ್ಲೂದೂ 3–4ಕ್ಕ.

ಇನ್ನ ಮುಖ್ಯ ಲೆಕ್ಕ. ಬರ್ನ್ ಆಡಾವರು ಕಾರ್ಡಿನ ಹೆಸರು ನೋಡಬಾರದು, ಡೆಕ್‌ನಾಗ ಒಟ್ಟು ಎಷ್ಟು ನೇರ ಡ್ಯಾಮೇಜ್ ಅದ ಅಂತ ಕೂಡಿಸಿ ನೋಡಬೇಕು. ನಿಂದು ಕೂಡಿಸೂಣು. ಬೋಲ್ಟ್, ಚೈನ್, ಸ್ಪೈಕ್ ಸೇರಿ ಹನ್ನೆರಡು ಕಾರ್ಡ್, ಒಂದೊಂದಕ್ಕ 3 ಅಂದ್ರ 36. ಫೈರ್‌ಬ್ಲಾಸ್ಟ್ ನಾಕಕ್ಕ 16. ಗಾಲ್ವಾನಿಕ್ ನಾಕಕ್ಕ 8. ಒಟ್ಟು 60. ಡೆಕ್‌ನಾಗ 60 ಕಾರ್ಡ್, ಹಂಗಾರ ಸರಾಸರಿ ಕಾರ್ಡಿಗೆ 1. ಮೊದಲ ಆಡಾಂವ ಐದನೇ ಟರ್ನ್‌ದಾಗ ನೋಡಿರೂದು 11 ಕಾರ್ಡ್. ಸ್ಪೆಲ್ ಕಡಿಂದ ಸಿಗೂದು 11 ಡ್ಯಾಮೇಜ್. ಉಳದ 9 ಆಲ್ಕೆಮಿಸ್ಟ್, ಫ್ಲೇಮ್‌ಬ್ರೀದರ್‌ಗೋಳು ಮಾಡಬೇಕು. ಅವನ್ನ ಯಾರರೆ ಕೊಂದ್ರ ಅಥವಾ ಎರಡನೇ ಟರ್ನ್‌ಗೆ ಬರದಿದ್ರ, ನೀ ಹೇಳಿದ ಜಾಗಾಕ್ಕ ಬಂದು ನಿಲ್ತೀಯಿ.

ಬಾಗಲಕೋಟೆ ಗೆಳೆಯಾರ ಮಾತಿಗೆ ಬರ್ತೀನಿ. ಲ್ಯಾಂಡ್ ಕಮ್ಮಿ ಮಾಡಬೇಕು ಖರೆ, ಆದ್ರ 16 ಬ್ಯಾಡ. 16 ಲ್ಯಾಂಡಿದ್ರ ಮೊದಲಿನ ಏಳು ಕಾರ್ಡಿನಾಗ ಲ್ಯಾಂಡ್ ಒಂದೂ ಬರದೇ ಇರೂದು ಅಥವಾ ಒಂದ ಬರೂದು, ಎರಡೂ ಸೇರಿ ಸುಮಾರು 39%. 18ಕ್ಕ ಅದು 31%, 20ಕ್ಕ 25%. ನಿನ್ನ ಡೆಕ್‌ನಾಗ ಎರಡು ಮಾನಾದ ಕಾರ್ಡ್ ಇಪ್ಪತ್ತು ಅದಾವ. ಒಂದು ಲ್ಯಾಂಡಿನ ಕೈ ಇಟ್ಕೊಂಡು ಆಡೂ ಡೆಕ್ ಅಲ್ಲ ಇದು. ಇನ್ನೊಂದು ಅಂದ್ರ, 20ರಿಂದ 16ಕ್ಕ ಇಳಿಸಿದ್ರೂ ಐದನೇ ಟರ್ನ್‌ದೊಳಗ ಹೆಚ್ಚಿಗೆ ಸಿಗೂದು ಮುಕ್ಕಾಲು ಕಾರ್ಡ್ ಅಷ್ಟ. ಲಾಭ ಬರೂದು ಲ್ಯಾಂಡ್ ತೆಗದದ್ದಕ್ಕ ಅಲ್ಲ, ಸೋರೂ ಕಾರ್ಡ್ ತೆಗದದ್ದಕ್ಕ.

ಹಿಂಗ ಮಾಡು.

ತೆಗಿ: ಗ್ರೇಟ್ ಫರ್ನೆಸ್ 4, ಫರ್ಗಾಟನ್ ಕೇವ್ 4, ಗಾಲ್ವಾನಿಕ್ ಬ್ಲಾಸ್ಟ್ 4, ಫೈರ್‌ಬ್ರಾಂಡ್ ಆರ್ಚರ್ 2.
ಹಾಕು: ಮೌಂಟನ್ 6, ರಿಫ್ಟ್ ಬೋಲ್ಟ್ 4, ಸ್ಕ್ಯೂವರ್ ದ ಕ್ರಿಟಿಕ್ಸ್ 4.

ಹದಿನೆಂಟು ಲ್ಯಾಂಡ್, ಎಲ್ಲಾ ಮೌಂಟನ್. ಕೊಳ್ಳೂದು ಎಂಟ ಕಾರ್ಡ್. ಈಗ ಕೂಡಿಸು: 3ರ ಕಾರ್ಡ್ ಇಪ್ಪತ್ತು, ಅದು 60. ಫೈರ್‌ಬ್ಲಾಸ್ಟ್ 16. ಒಟ್ಟು 76. ಅದ 11 ಕಾರ್ಡಿನಾಗ 14 ಡ್ಯಾಮೇಜ್ ಹತ್ರ ಬರ್ತದ. ನಿನಗ ಕಮ್ಮಿ ಬೀಳ್ತಿದ್ದ 3 ಅಲ್ಲೇ ಬಂತು. ಮ್ಯಾಲೆ ಫೈರ್‌ಬ್ಲಾಸ್ಟ್ ಇನ್ನ ಕೈಯಾಗ ಸಾಯೂದಿಲ್ಲ.

ಆರ್ಚರ್ ಯಾಕ ಅರ್ಧಾ ತೆಗೀಲಿಕ್ಕೆ ಹೇಳಿದೆ ಅಂದ್ರ, ಫ್ಲೇಮ್‌ಬ್ರೀದರ್ ಮಾಡೂ ಕೆಲಸಾನ ಅದೂ ಮಾಡ್ತದ, ಆದ್ರ ಅದರ ಟಫ್‌ನೆಸ್ (ಎಷ್ಟು ಡ್ಯಾಮೇಜಿಗೆ ಸಾಯ್ತದ ಅನ್ನೂ ಅಂಕಿ) 1. ಫ್ಲೇಮ್‌ಬ್ರೀದರ್ ಮತ್ತ ಆಲ್ಕೆಮಿಸ್ಟ್ ಎರಡಕ್ಕೂ 3 ಅದ. ಸಣ್ಣ ಪುಟ್ಟ ಹೊಡೆತಕ್ಕ ಬೀಳೂದಿಲ್ಲ, ಎದುರಿನ ಕ್ರೀಚರ್‌ನ ಅಡ್ಡಗಟ್ಟಿ ನಿಲ್ಲತಾವ.

ಆಡೂ ರೀತಿ ಬಗ್ಗೆ ಒಂದು ಮಾತು, ಇದನ್ನ ಭಾಳ ಮಂದಿ ಉಲ್ಟಾ ಮಾಡ್ತಾರ. ಟೇಬಲ್ ಮ್ಯಾಲೆ ಆಲ್ಕೆಮಿಸ್ಟ್ ಇದ್ರ ಮೊದಲ ಅದನ್ನ ಟ್ಯಾಪ್ ಮಾಡಿ (ಅಡ್ಡ ತಿರುಗಿಸಿ) 1 ಹೊಡಿ, ಆಮ್ಯಾಲೆ ಸ್ಪೆಲ್ ಹಾಕು. ಸ್ಪೆಲ್ ಹಾಕಿದ ಕೂಡಲೆ ಅದು ಅನ್‌ಟ್ಯಾಪ್ ಆಗ್ತದ, ಮತ್ತ ಟ್ಯಾಪ್ ಮಾಡು. ಮೊದಲ ಸ್ಪೆಲ್ ಹಾಕಿದ್ರ ಆ ಅನ್‌ಟ್ಯಾಪ್ ದಂಡ. ಈ ಕ್ರಮದಾಗ ಸ್ಕ್ಯೂವರ್‌ಗೂ ದಾರಿ ಆಗ್ತದ: ಆ ಟರ್ನ್‌ದಾಗ ಎದುರಿನಾಂವ ಲೈಫ್ ಕಳಕೊಂಡಿದ್ರ ಸ್ಕ್ಯೂವರ್‌ಗೆ ಮೂರು ಮಾನಾ ಬದ್ಲಿ ಒಂದ ಸಾಕು. ಆಲ್ಕೆಮಿಸ್ಟ್ ಹೊಡದ 1 ಆ ಕೆಲಸಾ ಮಾಡ್ತದ.

ಫೈರ್‌ಬ್ಲಾಸ್ಟ್ ಹಾಕೂವಾಗ ಮೌಂಟನ್ ಎಲ್ಲಾ ಮೊದಲ ಟ್ಯಾಪ್ ಮಾಡು, ಆ ಮಾನಾದಾಗ ಬೋಲ್ಟ್, ಸ್ಪೈಕ್ ಹೊಡಿ. ಟ್ಯಾಪ್ ಆದ ಮೌಂಟನ್ನೂ ಬಲಿ ಕೊಡಲಿಕ್ಕೆ ನಡೀತದ. ಮೂರು ಮೌಂಟನ್ ಇದ್ದಾಂವ ಒಂದ ಟರ್ನ್‌ದಾಗ ಮೂರು ಬೋಲ್ಟ್ ಮತ್ತ ಒಂದು ಫೈರ್‌ಬ್ಲಾಸ್ಟ್ ಹೊಡದ್ರ 13. ಫೈರ್‌ಬ್ಲಾಸ್ಟ್ ಆಟ ಮುಗಸೂ ಕಾರ್ಡ್. ಮುಗಿಯೂದಿಲ್ಲ ಅಂತ ಗೊತ್ತಿದ್ದಾಗ ಲ್ಯಾಂಡ್ ಕಳಕೊಂಡು ಹೊಡೀಬ್ಯಾಡ.

ಘಟಪ್ರಭಾ_ದಂಡಿ:

18ರ ಲೆಕ್ಕಾ ಒಪ್ಪಿದೆ. 39% ಅಂದ್ರ ಭಾಳ ಆತು.

ಒಂದು ಕೂಡಸ್ತೇನಿ. ಆ ಆರು ಮೌಂಟನ್ ಹಾಕುಮುಂದ ಫಾಯಿಲ್ ಹಾಕಬ್ಯಾಡ. ಬೆಳಗಾವಿ ಮಳಿ ನನಗ ಗೊತ್ತೈತಿ, ಒಂದು ವಾರ ಹಸಿ ಹವಾ ಇದ್ರ ಫಾಯಿಲ್ ಕಾರ್ಡ್ ಬಾಗ್ತಾವು. ಕಾಗದ ನೀರು ಹೀರತೈತಿ, ಮ್ಯಾಲಿನ ಫಾಯಿಲ್ ಪದರು ಹೀರಂಗಿಲ್ಲ, ಅದಕ್ಕ ಎಳದಂಗ ಆಗತೈತಿ. ಡೆಕ್ ಟೇಬಲ್ ಮ್ಯಾಲಿಟ್ಟು ಬಗ್ಗಿ ಕಡೀಂದ ನೋಡು. ಬಾಗಿದ ಕಾರ್ಡ್ ಇದ್ದಲ್ಲಿ ಗೆರೆ ಬಿಟ್ಟು ಸಂದಿ ಕಾಣತೈತಿ, ಕೈ ಇಟ್ರ ಡೆಕ್ ಅಲ್ಲೇ ಎರಡಾಗಿ ಕತ್ತರಸತೈತಿ. ಮುಂದ ಬರೂದು ಲ್ಯಾಂಡ್ ಅಂತ ಹಿಂಬದಿಂದ ಗೊತ್ತಾಗೂ ಡೆಕ್‌ನ್ನ ಜಡ್ಜ್ ಗುರುತು ಮಾಡಿದ ಕಾರ್ಡ್ ಅಂತ ಹಿಡೀತಾರ. ನೀ ಬೇಕಂತ ಮಾಡಿಲ್ಲ ಅಂದ್ರೂ ಅದು ಸುದ್ದಿ ಆಗತೈತಿ. ಸ್ಲೀವ್ಸ್‌ದೂ ಹಂಗ, ಹಳೇವು ಐವತ್ತು, ಹೊಸಾವು ಹತ್ತು ಕೂಡಸಬ್ಯಾಡ. ಡೆಕ್‌ನ ಅರವತ್ತಕ್ಕೂ ಸೈಡ್‌ಬೋರ್ಡ್‌ನ (ಎರಡನೇ ಆಟದಿಂದ ಬದಲಿಸೂ ಕಾರ್ಡ್) ಹದಿನೈದಕ್ಕೂ ಒಂದ ಪಾಕೀಟಿನವು ಹಾಕು.

ಖಡೇಬಜಾರ:

ನಂದು ಮೌಂಟನ್ ಅರ್ಧಾ ಫಾಯಿಲ್‌ನ ಅದಾವ್ರಿ, ನೋಡಿದೆ, ನೀವು ಹೇಳಿದಂಗ ಸಂದಿ ಕಾಣತೈತಿ. ಎಲ್ಲಾ ಸಾದಾ ಹಾಕಿದೆ.

ಗೆಳೆಯನ ಹತ್ರ ಇದ್ದ ರಿಫ್ಟ್ ಬೋಲ್ಟ್, ಸ್ಕ್ಯೂವರ್ ಇಸ್ಕೊಂಡು ನಿನ್ನೆ ಹೊಸಾ ಲಿಸ್ಟ್ ಆಡಿದೆ. ಫರಕ ಕೂಡಲೆ ಗೊತ್ತಾತು. ಒಂದು ಆಟದಾಗ ಎದುರಿನಾಂವ 7ಕ್ಕ ಇದ್ದ, ನನ್ನ ಮುಂದ ಮೂರು ಮೌಂಟನ್, ಕೈಯಾಗ ಲಾವಾ ಸ್ಪೈಕ್ ಮತ್ತ ಫೈರ್‌ಬ್ಲಾಸ್ಟ್. ಅಲ್ಲೇ ಮುಗೀತು. ಮೊದಲಿನ ಡೆಕ್‌ನಾಗ ಆ ಕೈ ಏನೂ ಮಾಡಾಕ ಬರ್ತಿದ್ದಿಲ್ಲ.

ಎರಡು ಪ್ರಶ್ನೆ ಉಳದಾವು. ರೆಕ್‌ಲೆಸ್ ಇಂಪಲ್ಸ್‌ದಾಗ ರಿಫ್ಟ್ ಬೋಲ್ಟ್ ಬಂದ್ರ ಅದನ್ನ ಒಂದು ಮಾನಾಕ್ಕ ಸಸ್ಪೆಂಡ್ (ಈಗ ಕಮ್ಮಿ ಮಾನಾ ಕೊಟ್ಟು ಮುಂದಿನ ಟರ್ನ್‌ಗೆ ಹೊಡ್ಯೂದು) ಮಾಡಾಕ ಬರತೈತೇನು? ಇದರ ಮ್ಯಾಲೆ ನಮ್ಮಲ್ಲಿ ದೊಡ್ಡ ವಾದಾ ಆತು. ಮತ್ತ ಸೈಡ್‌ಬೋರ್ಡ್ ಹೆಂಗ ಮಾಡ್ಲಿ? ನಮ್ಮಲ್ಲಿ ಒಬ್ಬಾಂವ ನೀಲಿ ಆಡ್ತಾನ, ಎರಡನೇ ಆಟಕ್ಕ ಕೆಂಪು ಸ್ಪೆಲ್ ತಡಿಯೂ ಹೈಡ್ರೋಬ್ಲಾಸ್ಟ್ ತರ್ತಾನ. ಇನ್ನೊಬ್ಬಾಂವ ಬಿಳಿ, ಪ್ರಿಸ್ಮ್ಯಾಟಿಕ್ ಸ್ಟ್ರ್ಯಾಂಡ್ಸ್ ಹಾಕಿ ನನ್ನ ಕಡೀ ಟರ್ನ್ ಪೂರಾ ತಡೀತಾನ.

ಗೋಳಗುಮ್ಮಟ_60:

ಬರೂದಿಲ್ಲ. ಸಸ್ಪೆಂಡ್ ಕೈಯಾಗಿನ ಕಾರ್ಡಿಗೆ ಅಷ್ಟ. ಇಂಪಲ್ಸ್ ಕಾರ್ಡನ್ನ ಎಕ್ಸೈಲ್ ಮಾಡಿ (ಕೈಯಾಗ ಕೊಡದ ಬದಿಗಿಟ್ಟು) ಅಲ್ಲಿಂದ ಆಡಲಿಕ್ಕೆ ಬಿಡ್ತದ. ಅಲ್ಲಿಂದ ರಿಫ್ಟ್ ಬೋಲ್ಟ್ ಹಾಕಬೇಕಂದ್ರ ಪೂರಾ ಮೂರು ಮಾನಾ ಕೊಡಬೇಕು. ಸ್ಕ್ಯೂವರ್‌ನ ಒಂದು ಮಾನಾ ಮತ್ತ ಫೈರ್‌ಬ್ಲಾಸ್ಟ್‌ನ ಎರಡು ಮೌಂಟನ್ ಮಾತ್ರ ಎಕ್ಸೈಲ್‌ದಿಂದಲೂ ನಡೀತಾವ, ಯಾಕಂದ್ರ ಅಲ್ಲಿ ಕಾರ್ಡನ್ನ ಹಾಕೂದ ಹಾಕ್ತೀಯಿ, ಬರೇ ಬೆಲೆ ಬ್ಯಾರೆ. ಮುಂದಿನ ಟರ್ನ್ ಮುಗಿಯೂತನಾ ವೇಳೆ ಇರ್ತದ, ಹಿಂಗಾಗಿ ಎರಡನೇ ಟರ್ನ್‌ಗೆ ಇಂಪಲ್ಸ್ ಹಾಕಿ ಮೂರನೇದಕ್ಕ ರಿಫ್ಟ್ ಬೋಲ್ಟ್ ಹಾಕಬಹುದು. ಆದ್ರ ಆಗ ಬ್ಯಾರೆ ಏನೂ ಆಗೂದಿಲ್ಲ. ಲ್ಯಾಂಡ್ ಬಂದ್ರೂ ಅಲ್ಲಿಂದನ ಇಡಬಹುದು. ಅದಕ್ಕ ಆ ಟರ್ನಿನ ಲ್ಯಾಂಡ್ ಇಡೂ ಮೊದಲ ಇಂಪಲ್ಸ್ ಹಾಕಲಿಕ್ಕೆ ಬರ್ತದೇನು ನೋಡು.

ಸೈಡ್‌ಬೋರ್ಡ್: ಪೈರೋಬ್ಲಾಸ್ಟ್ 4, ಸ್ಮ್ಯಾಶ್ ಟು ಸ್ಮಿದರೀನ್ಸ್ 3, ಎಂಡ್ ದ ಫೆಸ್ಟಿವಿಟೀಸ್ 3, ರೆಲಿಕ್ ಆಫ್ ಪ್ರೊಜೆನಿಟಸ್ 3, ಫ್ಲೇರಿಂಗ್ ಪೇನ್ 2. ಒಮ್ಮೆಲೆ ಎಲ್ಲಾ ಕೊಳ್ಳೂದು ಬ್ಯಾಡ, ಮೊದಲ ಪೈರೋಬ್ಲಾಸ್ಟ್ ಮತ್ತ ಫ್ಲೇರಿಂಗ್ ಪೇನ್ ತಗೋ, ನಿನ್ನ ಗೆಳೆಯಾರಿಗೆ ಅವ ಬೇಕು.

ನೀಲಿಯವನ ಮ್ಯಾಲೆ ರೆಡ್ ಎಲಿಮೆಂಟಲ್ ಬ್ಲಾಸ್ಟ್‌ಕ್ಕಿಂತ ಪೈರೋಬ್ಲಾಸ್ಟ್ ಛಲೋ. ಅದನ್ನ ಯಾವ ಬಣ್ಣದ ಸ್ಪೆಲ್ ಮ್ಯಾಲಾದ್ರೂ ಹಾಕಬಹುದು, ನೀಲಿ ಇದ್ರ ಅಷ್ಟ ತಡೀತದ. ತಡೀದಿದ್ರೂ ನೀ ಒಂದು ಸ್ಪೆಲ್ ಹಾಕಿದಂಗ ಆತಲ್ಲ, ಫ್ಲೇಮ್‌ಬ್ರೀದರ್ 1 ಹೊಡೀತದ, ಆಲ್ಕೆಮಿಸ್ಟ್ ಅನ್‌ಟ್ಯಾಪ್ ಆಗ್ತದ.

ಸ್ಟ್ರ್ಯಾಂಡ್ಸ್‌ಗೆ ಫ್ಲೇರಿಂಗ್ ಪೇನ್. ಆ ಟರ್ನ್‌ದಾಗ ಡ್ಯಾಮೇಜ್ ತಡೆಯಲಿಕ್ಕೆ ಬರೂದಿಲ್ಲ ಅಂತ ಮಾಡ್ತದ. ಒಮ್ಮೆ ಹಾಕಿ ಗ್ರೇವ್‌ಯಾರ್ಡ್‌ಗೆ (ಬಳಸಿದ ಕಾರ್ಡಿನ ರಾಶಿ) ಹೋದ ಮ್ಯಾಲೂ ಒಂದು ಕೆಂಪು ಮಾನಾಕ್ಕ ಅಲ್ಲಿಂದ ಇನ್ನೊಮ್ಮೆ ಹಾಕಬಹುದು. ಬಿಳಿಯವನ ಸ್ಟ್ರ್ಯಾಂಡ್ಸೂ ಗ್ರೇವ್‌ಯಾರ್ಡ್‌ದಿಂದ ಮತ್ತ ಬರ್ತದ, ಒಂದು ಬಿಳಿ ಕ್ರೀಚರ್ ಟ್ಯಾಪ್ ಮಾಡಿದ್ರ ಸಾಕು. ಹಿಂಗಾಗಿ ಅವಗ ಒಂದು ಸ್ಟ್ರ್ಯಾಂಡ್ಸ್ ಸಿಕ್ಕರ ಎರಡು ಟರ್ನ್ ಹೋದ್ವು ಅಂತ ತಿಳಕೊಂಡು ಪೇನ್ ಹಿಡಕೊಂಡು ಕೂಡು.

ಎರಡನೇ ಆಟಕ್ಕ ನಾಕಕ್ಕಿಂತ ಹೆಚ್ಚು ಕಾರ್ಡ್ ಒಳಗ ತರಬ್ಯಾಡ. ತರೂ ಒಂದೊಂದು ಕಾರ್ಡೂ ಡೆಕ್‌ನ ಹೊಡೆತಾ ಕಮ್ಮಿ ಮಾಡ್ತದ. ಮೊದಲ ತೆಗಿಯೂದು ಆರ್ಚರ್, ಆಮ್ಯಾಲೆ ರೆನ್ಸ್ ರಿಸಾಲ್ವ್. ಬೋಲ್ಟ್ ಮುಟ್ಟಬ್ಯಾಡ.

ಕೊಲ್ಹಾಪುರದಾಗ ಹಸಿರು ಆಡಾವರು ಸಿಕ್ಕರ ಇದೊಂದು ನೆನಪಿಡು: ಎದುರಿಗೆ ಎರಡು ಲ್ಯಾಂಡ್ ತೆರದ ಬಿಟ್ಟಿದ್ರ ವೆದರ್ ದ ಸ್ಟಾರ್ಮ್ ಇರಬಹುದು. ಅದು 3 ಲೈಫ್ ಕೊಡ್ತದ, ಆ ಟರ್ನ್‌ದಾಗ ಅದಕ್ಕೂ ಮೊದಲ ಹಾಕಿದ ಒಂದೊಂದು ಸ್ಪೆಲ್‌ಗೂ ಇನ್ನೊಂದು 3. ನೀ ಹಾಕಿದ್ದೂ ಆ ಲೆಕ್ಕದಾಗ ಬರ್ತದ. ಅಂಥವರ ಮುಂದ ನಾಕು ಸ್ಪೆಲ್ ಒಂದ ಟರ್ನ್‌ದಾಗ ಸುರೀಬ್ಯಾಡ, ಟರ್ನಿಗೆ ಒಂದು ಎರಡು ಹಾಕ್ಕೊಂತ ಹೋಗು.