ಪಿಕಪ್ ತಗೊಳ್ಳುವುದಾ, ಬೇಡ್ವಾ?

ಪೆರ್ಲದವ: ಕಯಾಕ್ ದೋಣಿ, ಗಾಳ, ಟೆಂಟ್ ಎಲ್ಲ ಹೇರಲು ಎರಡು ಸಾಲು ಸೀಟಿನ ಡಬಲ್ ಕ್ಯಾಬ್ ಪಿಕಪ್ ಬೇಕು ಅಂತ ಆಸೆ. ವಾರದ ದಿನ ತೋಟಕ್ಕೆ ಗೊಬ್ಬರ ತರಲೂ ಆಗುತ್ತದೆ. ಇಸುಜು ವಿ-ಕ್ರಾಸ್ ಅಥವಾ ಟೊಯೋಟಾ ಹೈಲಕ್ಸ್, ಸಾಕಲು ಆಗುತ್ತದಾ?

ಕುಂಬಳೆ ಕಡಲು: ಹೈಲಕ್ಸ್ ಉದ್ದ 5.3 ಮೀಟರ್ ಮಾರಾಯ್ರೆ! ನಮ್ಮ ತಿರುವುಗಳಲ್ಲಿ ಎದುರು ಬಸ್ಸು ಬಂದರೆ ರಿವರ್ಸ್ ನೀವೇ ಹೋಗಬೇಕು. ಬೆಲೆ ಬಿಡಿ, ಆಮೇಲೆ ಡೀಸೆಲ್, ಇನ್ಶೂರೆನ್ಸ್, ದೊಡ್ಡ ಟಯರು ಅಂತ ತಿನ್ನುತ್ತಲೇ ಇರುತ್ತದೆ, ಅದರ ಮೇಲೆ ಕಡಲ ಬದಿ ನಿಲ್ಲಿಸಿ ಅಡಿಭಾಗವನ್ನು ಸಿಹಿನೀರಲ್ಲಿ ತೊಳೆಯದಿದ್ದರೆ ತುಕ್ಕು.

ಬದಿಯಡ್ಕ: ರಾಣಿಪುರಂ ಬೆಟ್ಟಕ್ಕೆ ಹೋಗಲು ಅಂತಾದರೆ ಬೇಡವೇ ಬೇಡ. ಮೇಲೆ ನಡೆದೇ ಹತ್ತಬೇಕು ಅಲ್ವಾ? ಕಯಾಕ್‌ಗೆ ಕಾರಿನ ಮೇಲೆ ಕ್ಯಾರಿಯರ್ ಸಾಕು. ಗೊಬ್ಬರಕ್ಕೆ ಬಾಡಿಗೆ ಪಿಕಪ್ ಸಿಗುತ್ತದೆ.

ಪೆರ್ಲದವ: ಸರಿ, ಹೊಸತು ಬೇಡ. ಹಳೇ ವಿ-ಕ್ರಾಸ್ ಸಿಕ್ಕರೆ ಚಾಸಿ (ಅಡಿಯ ಚೌಕಟ್ಟು) ನೋಡಲು ಯಾರಾದರೂ ಬರ್ತೀರಾ?