ಪ್ರಶ್ನೋತ್ತರ: ರವದಿ (ಕಬ್ಬಿನ ಎಲೆ) ಸುಟ್ರೆ ಸೂಪರ್‌ಹೀಟರ್ ಟ್ಯೂಬ್ ಯಾಕೆ ತೂತಾಗುತ್ತೆ?

ಪ್ರಶ್ನೆ: ನಮಸ್ಕಾರ್ರೀ ಸರ್. ಬಾಗಲಕೋಟಿ ಕಡೆ ಒಂದು ಸಕ್ಕರಿ ಫ್ಯಾಕ್ಟರ್ಯಾಗ ಕೋಜನ್ (ಸ್ಟೀಮ್, ಕರೆಂಟ್ ಎರಡಕ್ಕೂ) ಬಾಯ್ಲರ್ ಶಿಫ್ಟ್ ಇನ್‌ಚಾರ್ಜ್ ಅದೀನಿ. 87 ಕೆಜಿ ಪ್ರೆಶರ್, ಸ್ಟೀಮ್ 515 ಡಿಗ್ರಿ. ಬಗ್ಯಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪಿ) ಸಾಲವಲ್ದು ಅಂತ ಎರಡು ವರ್ಷದಿಂದ ರವದಿ ಬೇಲ್, ಹತ್ತಿ ಕಟಗಿ, ಜೊತಿಗೆ ಸ್ವಲ್ಪ ಕಲ್ಲಿದ್ದಲು ಹಾಕಾಕತ್ತೀವಿ. ಈಗ ಸ್ಟೀಮ್ ಇನ್ನಷ್ಟು ಕಾಯಿಸೋ ಸೂಪರ್‌ಹೀಟರ್ ಕೊನೀ ಕಾಯಿಲ್‌ನ್ಯಾಗ ಮೂರು ಸಲ ಲೀಕ್ ಆತು. ಬೂದಿ ತಗದ್ರ ಕೆಳಗ ಬಿಳೀ ಪದರ ಗಟ್ಟಿ ಹಿಡದಿರ್ತೈತಿ, ಅದನ್ನ ಕೆತ್ತಿದ್ರ ಕಬ್ಬಿಣ ಹಪ್ಪಳದಂಗ ಎದ್ದು ಬರ್ತೈತಿ. ನಮ್ಮ ಸಾಹೇಬ್ರು ಕಲ್ಲಿದ್ದಲಿನ ಸಲ್ಫರ್ ಟ್ಯೂಬ್ ತಿನ್ನಾಕತ್ತೈತಿ, ಅದನ್ನ ಬಂದ್ ಮಾಡಿ ಪೂರಾ ರವದಿ ಮ್ಯಾಲ ನಡಸ್ರಿ ಅಂತಾರ. ಖರೇನೇನ್ರಿ?

ಉತ್ತರ: ದಯವಿಟ್ಟು ಕಲ್ಲಿದ್ದಲು ನಿಲ್ಲಿಸ್ಬೇಡಿ, ನಿಲ್ಸಿದ್ರೆ ಲೀಕ್ ಇನ್ನೂ ಜಾಸ್ತಿ ಆಗುತ್ತೆ. ನೀವು ಹೇಳಿರೋ ಆ ಬಿಳಿ ಪದರ, ಹಪ್ಪಳದ ಥರ ಏಳೋ ಕಬ್ಬಿಣ, ಎರಡೂ ಕ್ಲೋರಿನ್ ಕಡೆನೇ ಬೆರಳು ತೋರಿಸ್ತಿವೆ.

ಬಗ್ಯಾಸ್ ಸುಟ್ಟಾಗ ಈ ಕಾಟ ಇರ್ಲಿಲ್ಲ ಅಲ್ವಾ, ಯಾಕೆ ಅಂದ್ರೆ ಮಿಲ್‌ನಲ್ಲಿ ನೀರು ಹಾಕಿ ಹಾಕಿ ಹಿಂಡ್ತೀವಿ, ಪೊಟ್ಯಾಶಿಯಂ ಕ್ಲೋರಿನ್ ಬಹುಪಾಲು ರಸದ ಜೊತೆ ಹೋಗಿ ಕೊನೆಗೆ ಮೊಲಾಸಸ್ ಸೇರುತ್ತೆ. ರವದಿ ಅದೇ ಕಬ್ಬಿನ ಎಲೆ, ಆದ್ರೆ ಅದು ಮಿಲ್ ನೀರು ಕಂಡಿರಲ್ಲ, ಗದ್ದೆಗೆ ಹಾಕಿದ ಮ್ಯೂರಿಯೇಟ್ ಪೊಟ್ಯಾಷ್ ಗೊಬ್ಬರದ ಕ್ಲೋರಿನ್ ಅದ್ರಲ್ಲೇ ಕೂತಿರುತ್ತೆ. ಒಣ ಎಲೆಗಿಂತ ಹಸಿರು ತುದಿಯಲ್ಲಿ ಇನ್ನೂ ಹೆಚ್ಚು.

ಫರ್ನೇಸಲ್ಲಿ ಅದು ಪೊಟ್ಯಾಶಿಯಂ ಕ್ಲೋರೈಡ್ ಆವಿಯಾಗಿ ಹಾರಿ ಟ್ಯೂಬ್ ಮೇಲೆ ತಣ್ಣಗಾಗಿ ಅಂಟ್ಕೊಳ್ಳುತ್ತೆ. ಆ ಪದರದ ಕೆಳಗೆ ಕ್ಲೋರಿನ್ ಕಬ್ಬಿಣದ ಜೊತೆ ಸೇರಿ ಐರನ್ ಕ್ಲೋರೈಡ್ ಆಗುತ್ತೆ, ಅದು ಆ ಶಾಖಕ್ಕೆ ಆವಿಯಾಗಿ ಹೊರಗೆ ಬರ್ತಾ ಆಕ್ಸಿಜನ್ ಸಿಕ್ಕಿದ ತಕ್ಷಣ ತುಕ್ಕಾಗಿ ಉಳಿಯುತ್ತೆ, ಬಿಡುಗಡೆಯಾದ ಕ್ಲೋರಿನ್ ಮತ್ತೆ ಒಳಗೆ ಹೋಗುತ್ತೆ. ಅಂದ್ರೆ ಕ್ಲೋರಿನ್ ಖರ್ಚಾಗೋದೇ ಕಡಿಮೆ, ಚಿಟಿಕೆಯಷ್ಟು ಇದ್ರೂ ತಿನ್ತಾನೇ ಇರುತ್ತೆ.

ಸಲ್ಫರ್ ಇಲ್ಲಿ ಉಪಕಾರಿ. ಸಲ್ಫರ್ ಡೈಆಕ್ಸೈಡ್ ಆ ಪೊಟ್ಯಾಶಿಯಂ ಕ್ಲೋರೈಡನ್ನ ಸಲ್ಫೇಟ್ ಮಾಡುತ್ತೆ, ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಅಂದ್ರೆ ಎಚ್‌ಸಿಎಲ್ ಗ್ಯಾಸ್ ಆಗಿ ಚಿಮಣಿ ಕಡೆ ಹೋಗುತ್ತೆ. ಸಲ್ಫೇಟ್ ಕರಗೋದು 1069 ಡಿಗ್ರಿಗೆ, ಕ್ಲೋರೈಡ್ 770ಕ್ಕೇ, ಅಂದ್ರೆ ಸಲ್ಫೇಟ್ ಅಷ್ಟು ಸುಲಭಕ್ಕೆ ಕರಗಲ್ಲ. ಕಲ್ಲಿದ್ದಲ ಬೂದಿಯಲ್ಲಿರೋ ಜೇಡಿನೂ ಪೊಟ್ಯಾಶಿಯಂ ಹಿಡ್ಕೊಳ್ಳುತ್ತೆ.

ಲೆಕ್ಕ ನೋಡಿ. ಒಂದು ಟನ್ ರವದಿಯಲ್ಲಿ 3 ಕೆಜಿ ಕ್ಲೋರಿನ್, 1 ಕೆಜಿ ಸಲ್ಫರ್ ಅಂತ ಹಿಡ್ಕೊಳ್ಳಿ, ಮೋಲ್ (ಪರಮಾಣುಗಳ ಎಣಿಕೆ) ಲೆಕ್ಕದಲ್ಲಿ ಸಲ್ಫರ್-ಕ್ಲೋರಿನ್ ಅನುಪಾತ 0.4ಕ್ಕಿಂತ ಕಡಿಮೆ. ನಾವು ನೆಮ್ಮದಿಯಾಗಿರ್ಬೇಕು ಅಂದ್ರೆ 4 ದಾಟ್ಬೇಕು, 2ಕ್ಕಿಂತ ಕೆಳಗೆ ಅಪಾಯ. ಅರ್ಧ ಪರ್ಸೆಂಟ್ ಸಲ್ಫರ್ ಇರೋ ಕಲ್ಲಿದ್ದಲು ಸಮಸಮ ಹಾಕಿದ್ರೂ 2.2 ಅಷ್ಟೇ. ಹಾಗಾಗಿ ರವದಿ ಪಾಲನ್ನೇ ಇಳಿಸ್ಬೇಕು.

ನಿಮ್ಮ ಸಾಹೇಬ್ರ ಭಯ ಪೂರ್ತಿ ಸುಳ್ಳಲ್ಲ, ಜಾಗ ಬೇರೆ ಅಷ್ಟೆ. ಫರ್ನೇಸಿಗೆ ಹೋಗೋ ಗಾಳಿ ಕಾಯಿಸೋ ಏರ್ ಪ್ರೀಹೀಟರ್ ತಣ್ಣಗಿನ ತುದಿಯಲ್ಲಿ ಲೋಹ 120 ಡಿಗ್ರಿ ಆಸುಪಾಸಿಗೆ ಇಳಿದ್ರೆ ಸಲ್ಫ್ಯೂರಿಕ್ ಆಸಿಡ್ ಬೆವರೋಕೆ ಶುರು, ಅಲ್ಲಿ ಸಲ್ಫರ್ರೇ ವೈರಿ.

ನಂಬಿಕೆ ಬರ್ಲಿಲ್ಲ ಅಂದ್ರೆ ಲ್ಯಾಬಲ್ಲೇ ನೋಡಿ. ಟ್ಯೂಬಿಗೆ ಅಂಟಿದ ಒಳಪದರ ಮಾತ್ರ ಕೆತ್ತಿ ಡಿಸ್ಟಿಲ್ಡ್ ವಾಟರಲ್ಲಿ ಕದಡಿ ಸೋಸಿ, ಎರಡು ಹನಿ ಡೈಲ್ಯೂಟ್ ನೈಟ್ರಿಕ್ ಆಸಿಡ್, ಆಮೇಲೆ ಸಿಲ್ವರ್ ನೈಟ್ರೇಟ್ ಹಾಕಿ, ಬೆಳ್ಳಗೆ ಒಡೆದ್ರೆ ಕ್ಲೋರೈಡ್ ಇದೆ ಅಂತ. ಇನ್ನೊಂದು ಟೆಸ್ಟ್ ಟ್ಯೂಬಿಗೆ ಬೇರಿಯಂ ಕ್ಲೋರೈಡ್ ಹಾಕಿ ಸಲ್ಫೇಟ್ ನೋಡಿ, ಅದಿದ್ರೆ ಇಲ್ಲೂ ಬೆಳ್ಳಗಾಗುತ್ತೆ.

ಇನ್ನೊಬ್ರು: ಸರ್, ನಾವು ತುಮಕೂರು ಕಡೆ, ತೆಂಗಿನ ಚಿಪ್ಪಿಂದ ಎಂಜಿನ್ನಿಗೆ ಗ್ಯಾಸ್ ಮಾಡೋ ಗ್ಯಾಸಿಫೈಯರ್‌ಗೂ ಇದೇ ಕಥೆನಾ?

ಉತ್ತರ: ಅಲ್ಲಿ ಆಕ್ಸಿಜನ್ ಕಮ್ಮಿ, ಹಾಗಾಗಿ ಸಲ್ಫರ್ ಬಹುಪಾಲು ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಆಗುತ್ತೆ, ಕ್ಲೋರಿನ್ ಎಚ್‌ಸಿಎಲ್. ಎಚ್‌ಸಿಎಲ್ ಗ್ಯಾಸ್ ತೊಳೆಯೋ ಸ್ಕ್ರಬ್ಬರ್ ನೀರಲ್ಲಿ ಸುಲಭವಾಗಿ ಕರಗುತ್ತೆ, ನೀರಿನ ಪಿಎಚ್ ನೋಡ್ತಾ ಇರಿ. ಹೈಡ್ರೋಜನ್ ಸಲ್ಫೈಡ್ ಅಷ್ಟು ಸುಲಭಕ್ಕೆ ನೀರಿಗೆ ಸಿಗಲ್ಲ, ಎಂಜಿನ್ನಿಗೆ ಹೋಗುತ್ತೆ, ಅದಕ್ಕೇ ಆಯಿಲ್ ಬದಲಾಯಿಸೋದನ್ನ ಮುಂದೂಡ್ಬೇಡಿ. ಗರಿ ಮಾತ್ರ ಹಾಕ್ಬೇಡಿ, ತೆಂಗು ಕ್ಲೋರಿನ್ ಪ್ರಿಯ ಮರ.

ಮೊದಲ ಪ್ರಶ್ನೆ ಕೇಳಿದವರು: ಸರ್, ಟೆಸ್ಟ್ ಮಾಡಿದ್ವಿರಿ. ಸಿಲ್ವರ್ ನೈಟ್ರೇಟ್ ಹಾಕಿದ ಕೂಡ್ಲೇ ಮೊಸರಿನಂಗ ಬೆಳ್ಳಗ ಒಡೀತು, ಬೇರಿಯಂ ಹಾಕಿದ್ರಾಗ ಬರೇ ಮಬ್ಬು. ಸಾಹೇಬ್ರಿಗೂ ತೋರಿಸಿದೆ, ಸುಮ್ಮನ ನಿಂತು ನೋಡಿದ್ರು. ಈಗೇನ್ ಮಾಡ್ಲಿರಿ?

ಉತ್ತರ: ರವದಿ ಹಾಕೋ ದಿನ ಸ್ಟೀಮ್ ಟೆಂಪರೇಚರ್ ಇಳಿಸಿ ನಡೆಸಿ, ಕರೆಂಟ್ ಯೂನಿಟ್ ಸ್ವಲ್ಪ ಹೋದ್ರೂ ಹೋಗ್ಲಿ. ಹಸಿರು ತುದಿ ಬೇಲಿಗೆ ಸೇರದ ಹಾಗೆ ರೈತರಿಗೆ ಹೇಳಿ, ಅದು ದನಕ್ಕೇ ಒಳ್ಳೇದು. ಡೆನ್ಮಾರ್ಕಲ್ಲಿ ಗೋಧಿ ಹುಲ್ಲು ಮಳೆಗೆ ನೆನೆದು ಬೂದು ಬಣ್ಣ ಬಂದ್ರೆ ಬಾಯ್ಲರಿಗೆ ಒಳ್ಳೇದು ಅಂತಾರೆ, ಮಳೆ ಕ್ಲೋರಿನ್ ತೊಳೆದಿರುತ್ತೆ ಅಂತ. ನಿಮ್ಮಲ್ಲಿ ಕಟಾವು ಮಳೆಗಾಲ ಮುಗಿದ ಮೇಲೆ, ಅದು ಆಗಲ್ಲ. ಮುಂದಿನ ಶಟ್‌ಡೌನಲ್ಲಿ ಕೊನೆ ಕಾಯಿಲ್ ಟ್ಯೂಬುಗಳ ದಪ್ಪ (ಥಿಕ್ನೆಸ್) ಪೂರ್ತಿ ಅಳೆಸಿ, ರೀಡಿಂಗ್ ಇಲ್ಲೇ ಹಾಕಿ.