ಲಡಾಖ್ ಜೀಪ್ ಪ್ರವಾಸ: ಎರಡನೇ ರಾತ್ರಿಯೇ ಪ್ಯಾಂಗಾಂಗ್ ಹಾಕಿದ್ದಾರೆ, ಆದೀತಾ?

ಬದಿಯಡ್ಕ_ಬಳಗ

ನಮಸ್ಕಾರ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಏಳು ಜನ, ಹೆಚ್ಚಿನವರು ಶಾಲೆಯವರು. ರಜೆಗೆ ಲಡಾಖ್ ಎಂದು ಮಾತಾಗಿದೆ. ವಯಸ್ಸು 26ರಿಂದ 61. ಹಿರಿಯರಿಗೆ ಬಿ.ಪಿ. ಮಾತ್ರೆ ಉಂಟು. ಮಂಗಳೂರಿನಿಂದ ದೆಹಲಿ, ಅಲ್ಲಿಂದ ಲೇಹ್‌ಗೆ ವಿಮಾನ. ಏಜೆಂಟ್ ಕೊಟ್ಟ ಪಟ್ಟಿ:

ದಿನ 1 ಲೇಹ್. ದಿನ 2 ಚಾಂಗ್ ಲಾ (ಬೆಟ್ಟ ದಾಟುವ ಪಾಸ್) ದಾಟಿ ಪ್ಯಾಂಗಾಂಗ್ ಸರೋವರ, ಅಲ್ಲೇ ಟೆಂಟ್. ದಿನ 3 ಶ್ಯೋಕ್ ನದಿಯ ದಾರಿಯಾಗಿ ನುಬ್ರಾ ಕಣಿವೆಯ ಹುಂಡರ್. ದಿನ 4 ಖರ್ದುಂಗ್ ಲಾ ದಾಟಿ ಲೇಹ್. ದಿನ 5 ಮತ್ತು 6 ಹಾನ್ಲೆ. ದಿನ 7 ಲೇಹ್. ದಿನ 8 ಬೆಳಿಗ್ಗೆ ವಿಮಾನ. ಎಲ್ಲರಿಗೂ ಸೇರಿ ಒಂದು ಇನ್ನೋವಾ.

ಈ ಪಟ್ಟಿ ಸರಿಯುಂಟಾ? ಗಾಡಿ ಸಾಕಾ? ಮತ್ತೆ ಇಬ್ಬರಿಗೆ ಕುಚ್ಚಲಕ್ಕಿ ಇಲ್ಲದೆ ಆಗುವುದಿಲ್ಲ. ಅಕ್ಕಿ, ಕುಕ್ಕರ್ ಕಟ್ಟಿಕೊಂಡು ಹೋಗುವುದಾ?

ಚಂದ್ರಗಿರಿ_ತೀರ

ಎರಡನೇ ದಿನದ ಸಾಲನ್ನು ಮೊದಲು ಹೊಡೆದು ಹಾಕಿ. ಏಜೆಂಟ್ ರಸ್ತೆಯ ಉದ್ದ ನೋಡಿ ಪಟ್ಟಿ ಮಾಡಿದ್ದಾರೆ. ಅಲ್ಲಿ ನೋಡಬೇಕಾದ್ದು ರಾತ್ರಿ ಯಾವ ಎತ್ತರದಲ್ಲಿ ಮಲಗುತ್ತೀರಿ ಅಂತ. ಮೇಲೆ ಗಾಳಿ ತೆಳು, ದೇಹ ಒಗ್ಗುವ ಮೊದಲು ಏರಿದರೆ ಕಾಯಿಲೆ ಬೀಳುವುದುಂಟು.

ನಾವು ಕಡಲ ಬದಿಯವರು. ದೆಹಲಿಯೂ 200 ಮೀಟರ್ ಚಿಲ್ಲರೆ ಎತ್ತರದ್ದು. ಅಲ್ಲಿಂದ ಒಂದೂವರೆ ಗಂಟೆಯಲ್ಲಿ ಲೇಹ್, ಅಂದರೆ 3,500 ಮೀಟರ್. ಮರುದಿನವೇ ಪ್ಯಾಂಗಾಂಗ್ ದಡದಲ್ಲಿ ಮಲಗಿದರೆ 4,250. ಸಾಮಾನ್ಯ ಲೆಕ್ಕ ಎಂತ ಅಂದರೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು. ವಿಮಾನದಲ್ಲಿ ಇಳಿದವರು ಈ ಲೆಕ್ಕವನ್ನು ಮೊದಲ ದಿನವೇ ಮುರಿದಾಗಿರುತ್ತದೆ. ಆದ್ದರಿಂದ ಲೇಹ್‌ನಲ್ಲಿ ಮೂರು ರಾತ್ರಿ ಇರಲೇಬೇಕು.

ಇನ್ನೊಂದು ಸಂಗತಿಯನ್ನು ಏಜೆಂಟರು ಹೇಳುವುದಿಲ್ಲ. ಪ್ಯಾಂಗಾಂಗಿನಲ್ಲಿ ನಡುರಾತ್ರಿ ಯಾರಿಗಾದರೂ ಉಸಿರು ಕಟ್ಟಿತು ಅಂತ ಇಟ್ಟುಕೊಳ್ಳಿ. ಮುಖ್ಯವಾದ ಮದ್ದು ಕೆಳಗೆ ಇಳಿಸುವುದು. ಆದರೆ ಲೇಹ್‌ಗೆ ಬರಬೇಕಾದರೆ ಸುಮಾರು 5,360 ಮೀಟರಿನ ಚಾಂಗ್ ಲಾ ಹತ್ತಬೇಕು. ಇಳಿಸಬೇಕಾದವರನ್ನು ಮತ್ತೆ ಸಾವಿರ ಮೀಟರ್ ಮೇಲಕ್ಕೆ ಕೊಂಡುಹೋದ ಹಾಗೆ. ಶ್ಯೋಕ್ ಕಡೆಗೆ ಇಳಿಯಬಹುದು, ಆದರೆ ರಾತ್ರಿ ಹೊತ್ತಿನಲ್ಲಿ ಆ ರಸ್ತೆಯನ್ನು ನೆಚ್ಚಿಕೊಳ್ಳಲಿಕ್ಕಾಗುವುದಿಲ್ಲ.

ಹೀಗೆ ಮಾಡಿ: ದಿನ 1 ಬರೀ ಮಲಗುವುದು, ನೀರು ಕುಡಿಯುವುದು. ದಿನ 2 ಊರೊಳಗೆ, ಶಾಂತಿ ಸ್ತೂಪಕ್ಕೆ ಮೆಟ್ಟಿಲು ಹತ್ತದೆ ಗಾಡಿಯಲ್ಲಿ. ದಿನ 3 ಸಿಂಧೂ ಝನ್‌ಸ್ಕಾರ್ ಸಂಗಮ, ಆಲ್ಚಿ ನೋಡಿ ಲೇಹ್‌ಗೆ ವಾಪಸ್. ದಿನ 4 ಖರ್ದುಂಗ್ ಲಾ ದಾಟಿ ಹುಂಡರ್. ಪಾಸ್ 5,359 ಮೀಟರ್ ಆದರೂ ಮಲಗುವುದು 3,100ರಲ್ಲಿ, ಅದಕ್ಕೇ ನುಬ್ರಾ ಮೊದಲು. ಪಾಸಿನ ಮೇಲೆ ಕಾಲು ಗಂಟೆ ಸಾಕು. 18,380 ಅಡಿ ಅಂತ ಬರೆದ ಹಳೇ ಬೋರ್ಡಿನ ಫೋಟೊ ಎಲ್ಲರ ಹತ್ತಿರ ಉಂಟು, ನಿಜವಾದ ಎತ್ತರ 17,582 ಅಡಿ. ದಿನ 5 ಅಲ್ಲಿಯೇ. ದಿನ 6 ಶ್ಯೋಕ್ ದಾರಿಯಾಗಿ ಪ್ಯಾಂಗಾಂಗ್. ದಿನ 7 ಲೇಹ್. ಹಾನ್ಲೆ ಈ ಸಲ ಬೇಡ.

ಮೀಯಪದವು_ಮೈಲಿಗಲ್ಲು

ಮೇಲಿನವರು ಹೇಳಿದ್ದಕ್ಕೆ ಮುಕ್ಕಾಲು ಪಾಲು ಒಪ್ಪಿಗೆ. ಆದರೆ ಬಿಡುವುದಾದರೆ ಪ್ಯಾಂಗಾಂಗ್ ಬಿಡಿ, ಹಾನ್ಲೆ ಇಟ್ಟುಕೊಳ್ಳಿ.

ಅವರದ್ದೇ ತರ್ಕ ಹಿಡಿದು ನೋಡಿ. ಲೇಹ್‌ನಿಂದ ಹಾನ್ಲೆಗೆ ಸುಮಾರು 250 ಕಿ.ಮೀ.: ಉಪ್ಶಿ, ಚುಮಾಥಾಂಗ್, ಮಾಹೆ, ನ್ಯೋಮಾ, ಲೋಮಾ. ಲೋಮಾವರೆಗೂ ಸಿಂಧೂ ನದಿಯ ಬದಿಯಲ್ಲೇ ಮೆಲ್ಲ ಏರುವ ರಸ್ತೆ, ನಡುವೆ ದೊಡ್ಡ ಪಾಸ್ ಇಲ್ಲ. ಹಳ್ಳಿ ಇರುವುದು 4,300ರ ಹತ್ತಿರ, ಪ್ಯಾಂಗಾಂಗಿನಷ್ಟೇ ಎತ್ತರ. ಆದರೆ ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಹೊರಟ ಗಳಿಗೆಯಿಂದಲೇ ಇಳಿಜಾರು. ದೂರ ಹೆಚ್ಚು, ನಿಜ. ಬಿ.ಪಿ. ಇರುವವರನ್ನು ಕರೆದುಕೊಂಡು ಹೋಗುವಾಗ ನಾನು ಈ ದಾರಿಗೇ ಓಟು ಹಾಕುವುದು.

ನಮ್ಮವರಿಗೆ ಅಲ್ಲಿ ಒಂದು ಹೆಮ್ಮೆಯೂ ಉಂಟು. ಹಾನ್ಲೆಯ ‘ಹಿಮಾಲಯನ್ ಚಂದ್ರ’ ಎಂಬ 2 ಮೀಟರ್ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಲ್ಲಿ ಕೂತು ಅದನ್ನು ತಿರುಗಿಸುತ್ತಾರೆ. 2022ರಿಂದ ಆ ಸುತ್ತು ಕತ್ತಲೆ ಆಕಾಶದ ಮೀಸಲು ಪ್ರದೇಶ. ರಾತ್ರಿ ಗಾಡಿಯ ಹೈಬೀಮ್ ಹಾಕಬಾರದು, ಕೋಣೆಯ ಪರದೆ ಎಳೆಯಬೇಕು. ಅಮಾವಾಸ್ಯೆಯ ಆಸುಪಾಸು ಸಿಕ್ಕಿದರೆ ಮಾತ್ರ ಹೋದದ್ದು ಸಾರ್ಥಕ. ಹುಣ್ಣಿಮೆಗೆ ಬಿದ್ದರೆ ಚಂದ್ರಗಿರಿಯವರ ಪಟ್ಟಿಯೇ ಒಳ್ಳೆಯದು.

ಗಡಿನಾಡ_ಗೇರ್

ಗಾಡಿ ವಿಷಯ. ಇನ್ನೋವಾದಲ್ಲಿ ಹೆಚ್ಚಾಗಿ ಡ್ರೈವರ್ ಬಿಟ್ಟು ಆರು ಜನ. ಏಳನೆಯವರನ್ನು ಎಲ್ಲಿ ಕೂರಿಸುತ್ತಾರೆ, ಏಜೆಂಟ್ ಹತ್ತಿರವೇ ಕೇಳಿ. ಹಿಂದಿನ ಸೀಟಿನಲ್ಲಿ ಮೂವರು, ಮೊಣಕಾಲು ಎದೆಗೆ, ಬ್ಯಾಗು ತೊಡೆಯ ಮೇಲೆ. ತಿರುವಿನಲ್ಲಿ ಮೊದಲು ವಾಂತಿ ಬರುವುದು ಅಲ್ಲಿ. ಅದು ಎತ್ತರದ ವಾಂತಿಯೋ ತಿರುವಿನದ್ದೋ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಅದೇ ಅಪಾಯ. ಟೆಂಪೊ ಟ್ರಾವೆಲರ್ ಅಗ್ಗ ಆದೀತು, ಆದರೆ ಶ್ಯೋಕ್ ದಾರಿಯ ನೀರು ದಾಟುವ ಜಾಗಗಳಲ್ಲಿ ಅಡಿ ತಾಗುತ್ತದೆ. ಎರಡು ಗಾಡಿ ಮಾಡಿ, 4 ಮತ್ತು 3. ಒಂದು ಕೆಟ್ಟರೆ ಇನ್ನೊಂದು ಉಂಟು. ಸೀಟನ್ನು ದಿನಾ ಬದಲಾಯಿಸಿ, ಹಿರಿಯರಿಗೆ ಮಾತ್ರ ಯಾವಾಗಲೂ ಮುಂದಿನದ್ದು.

ಲೇಹ್‌ನ ಟ್ಯಾಕ್ಸಿ ಯೂನಿಯನ್‌ನ ದರಪಟ್ಟಿ ಇರುತ್ತದೆ, ಆ ವರ್ಷದ್ದನ್ನು ತರಿಸಿ ಹೋಲಿಸಿ ನೋಡಿ. ಹೊರಗಿನ ಬಾಡಿಗೆ ಗಾಡಿಯನ್ನು ಅಲ್ಲಿ ಸುತ್ತಾಟಕ್ಕೆ ಬಿಡುವುದಿಲ್ಲ. ಕಾಸರಗೋಡಿನ ಸ್ವಂತ ಕೆಎಲ್ 14 ಗಾಡಿಯಲ್ಲಿ ಹೋಗುವ ಆಸೆ ಯಾರಿಗಾದರೂ ಇದ್ದರೆ, ಒಂದು ಬದಿಗೇ ಮೂರು ಸಾವಿರ ಕಿ.ಮೀ.ಗೂ ಹೆಚ್ಚು. ರಜೆ ದಾರಿಯಲ್ಲೇ ಮುಗಿಯುತ್ತದೆ.

ಡ್ರೈವರ್ ಹತ್ತಿರ ಹೊರಡುವ ಮೊದಲು ನೋಡಬೇಕಾದ್ದು: ಎರಡು ಸ್ಟೆಪ್ನಿ, ಟಯರಿನ ಹಲ್ಲು, ಎಳೆಯುವ ಹಗ್ಗ, ಆಕ್ಸಿಜನ್ ಸಿಲಿಂಡರ್ (ವಾಲ್ವ್ ತಿರುಗಿಸಿ ಮೀಟರ್ ನೋಡಿ, ಖಾಲಿಯದ್ದನ್ನು ಇಟ್ಟುಕೊಳ್ಳುವವರೂ ಇದ್ದಾರೆ). ನುಬ್ರಾ, ಪ್ಯಾಂಗಾಂಗ್, ಹಾನ್ಲೆ ಒಂದೇ ಸುತ್ತಿನಲ್ಲಿ ಮಾಡುವವರು ನುಬ್ರಾದ ಡಿಸ್ಕಿಟ್‌ನಲ್ಲಿ ಟ್ಯಾಂಕ್ ತುಂಬಿಸಿದರೆ ಲೇಹ್ ಹತ್ತಿರದ ‘ಕಾರೂ’ ಎಂಬ ಊರು ತಲುಪಲಿಕ್ಕೆ 500 ಕಿ.ಮೀ.ಗೂ ಮಿಕ್ಕಿ ಉಂಟು. ನಡುವೆ ಬಂಕ್ ಸಿಗುತ್ತದೆಂದು ನಂಬಿ ಹೋಗಬೇಡಿ, 20 ಲೀಟರ್ ಕ್ಯಾನ್ ಬೇಕು. ಘಾಟಿ ಹತ್ತುವಾಗ ಡ್ರೈವರ್ ಎ.ಸಿ. ಆಫ್ ಮಾಡಿದರೆ ಜಗಳ ಮಾಡಬೇಡಿ, ಗಾಳಿ ತೆಳು, ಎಂಜಿನ್ನಿಗೂ ಉಸಿರು ಸಾಲುವುದಿಲ್ಲ. ಹಿಮ ಕರಗಿದ ನೀರು ಮಧ್ಯಾಹ್ನದ ಮೇಲೆ ಏರುತ್ತದೆ. ಶ್ಯೋಕ್ ದಾರಿಗೆ ಬೆಳಿಗ್ಗೆ ಏಳರೊಳಗೆ ಹೊರಡಬೇಕು.

ಟ್ರಾಲಿ ಬ್ಯಾಗ್ ಬೇಡ, ಮೆತ್ತಗಿನ ಚೀಲ ತನ್ನಿ. ಮೇಲಿನ ಕ್ಯಾರಿಯರಿಗೆ ಟಾರ್ಪಾಲು. ಧೂಳು ಹಿಟ್ಟಿನ ಹಾಗೆ ಎಲ್ಲ ಕಡೆ ನುಗ್ಗುತ್ತದೆ.

ಚಂದ್ರಗಿರಿ_ತೀರ

ಎತ್ತರದ ಕಾಯಿಲೆ ಬಾರದ ಹಾಗೆ ತೆಗೆದುಕೊಳ್ಳುವ ಮಾತ್ರೆ ವಿಷಯ ಬಿಟ್ಟುಹೋಯಿತು. ಅಸಿಟಜೋಲಮೈಡ್, ಅಂಗಡಿಯಲ್ಲಿ ಡಯಾಮಾಕ್ಸ್. ಸಾಮಾನ್ಯವಾಗಿ 125 ಮಿ.ಗ್ರಾಂ ದಿನಕ್ಕೆರಡು ಸಲ, ಲೇಹ್‌ಗೆ ಹಾರುವ ಹಿಂದಿನ ದಿನದಿಂದ. ಸಿಗುವುದು 250ರದ್ದು, ಅರ್ಧ ಮಾಡಬೇಕು. ಸಲ್ಫಾ ಅಲರ್ಜಿ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬಿ.ಪಿ.ಯವರೂ ಅಷ್ಟೇ: ಇದು ಮೂತ್ರ ಹೆಚ್ಚು ಮಾಡುವ ಮಾತ್ರೆ, ಕೆಲವು ಬಿ.ಪಿ. ಮಾತ್ರೆಗಳದ್ದೂ ಅದೇ ಕೆಲಸ. ಬೆರಳ ತುದಿ ಜುಮ್ಮೆನ್ನುವುದು, ಸೋಡಾ ಸಪ್ಪೆ ಎನಿಸುವುದು ಇದರದ್ದೇ ಗುಣ, ಹೆದರಬೇಡಿ.

ಬರೀ ತಲೆನೋವಾದರೆ ಇನ್ನೂ ಮೇಲೆ ಹೋಗದೆ ನಿಲ್ಲಿ. ಸುಮ್ಮನೆ ಕೂತಾಗಲೂ ಏದುಸಿರು, ಅಥವಾ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಿಕ್ಕೆ ಆಗದಿದ್ದರೆ, ಬೆಳಗಾಗಲಿ ಎಂದು ಕಾಯದೆ ಕೆಳಗೆ ಇಳಿಸಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಲೇಹ್‌ನಲ್ಲಿ ಮೊದಲ ದಿನ 85, 88 ತೋರಿಸುವುದುಂಟು. ಆ ಅಂಕೆ ನೋಡಿ ಮಂಡೆಬಿಸಿ ಮಾಡುವುದಕ್ಕಿಂತ ಮನುಷ್ಯನ ಮುಖ ನೋಡಿ.

ಕುಂಬಳೆ_ಕಡಾಯಿ

ಕುಚ್ಚಲಕ್ಕಿ ಮನೆಯಲ್ಲೇ ಇರಲಿ ಮಾರಾಯ್ರೆ. 4,250 ಮೀಟರಿನಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಅದು ಬೇಯುವ ಅಕ್ಕಿಯಲ್ಲ. ಕುಕ್ಕರಿನ ಒಳಗೂ ಊರಲ್ಲಿ 121 ಡಿಗ್ರಿ ಆಗುವುದು ಅಲ್ಲಿ 114ರ ಹತ್ತಿರ ನಿಲ್ಲುತ್ತದೆ. ಕುಕ್ಕರ್ ಕೊಂಡುಹೋದರೂ ಒಲೆಯ ಗ್ಯಾಸ್ ಡಬ್ಬವನ್ನು ವಿಮಾನಕ್ಕೆ ಬಿಡುವುದಿಲ್ಲ. ತೆಳು ಅವಲಕ್ಕಿ ಎರಡು ಕಿಲೋ, ಹುರಿದ ರಾಗಿ ಹುಡಿ ಒಂದು ಕಿಲೋ ಹಾಕಿಕೊಳ್ಳಿ, ಬಿಸಿನೀರು ಸಿಕ್ಕಿದಲ್ಲೆಲ್ಲ ಆಗುತ್ತದೆ. ಬಾಳೆಕಾಯಿ ಚಿಪ್ಸ್ ಪ್ಯಾಕೆಟ್ ಪಾಸಿನ ಮೇಲೆ ಬೆಲೂನಾಗಿ ಒಡೆಯುತ್ತದೆ, ಸೂಜಿಯಲ್ಲಿ ಚುಚ್ಚಿ ಡಬ್ಬಿಗೆ ಹಾಕಿ. ಮಿಡಿ ಉಪ್ಪಿನಕಾಯಿ ಬಾಟಲಿಗೆ ಎರಡು ಪ್ಲಾಸ್ಟಿಕ್ ಸುತ್ತಿ.

ನಮ್ಮೂರಿನ ಪ್ರೀಪೇಡ್ ಸಿಮ್ ಅಲ್ಲಿ ಸತ್ತ ಹಾಗೆ, ಇಬ್ಬರಾದರೂ ಪೋಸ್ಟ್‌ಪೇಡ್ ಮಾಡಿಸಿಕೊಳ್ಳಿ. ಟೆಂಟ್‌ಗಳಲ್ಲಿ ಕರೆಂಟು ಸಂಜೆ ಮೂರು ನಾಲ್ಕು ಗಂಟೆ ಮಾತ್ರ ಇರಬಹುದು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ.

ಬದಿಯಡ್ಕ_ಬಳಗ

ಎಲ್ಲರಿಗೂ ಧನ್ಯವಾದ. ಪಂಚಾಂಗ ನೋಡಿದೆವು, ನಮ್ಮ ದಿನಗಳು ಅಮಾವಾಸ್ಯೆಯ ಹತ್ತಿರವೇ. ಹಾಗಾಗಿ ಲೇಹ್ 3 ರಾತ್ರಿ, ಹುಂಡರ್ 1, ಲೇಹ್ 1, ಹಾನ್ಲೆ 1, ಲೇಹ್ 1, ಎಂಟನೇ ದಿನ ವಿಮಾನ. ಎರಡು ಗಾಡಿ.

ಮೀಯಪದವು_ಮೈಲಿಗಲ್ಲು

ಈಗ ಸರಿ. ಹಾನ್ಲೆಗೆ ಹೋಗಲಿಕ್ಕೆ ಈಗ ಯಾವ ಕಾಗದಪತ್ರ ಬೇಕು ಅಂತ ಏಜೆಂಟ್ ಹತ್ತಿರ ಮೊದಲೇ ಕೇಳಿ. ಚೆಕ್‌ಪೋಸ್ಟಿನಲ್ಲಿ ಪ್ರತಿ ಕೇಳಿದರೂ ಕೇಳಿಯಾರು, ಗಾಡಿಯಲ್ಲಿ ಜೆರಾಕ್ಸ್ ಇರಲಿ. ಮತ್ತೆ ಲೇಹ್‌ನ ವಿಮಾನ ಹವಾಮಾನಕ್ಕೆ ರದ್ದಾಗುವುದುಂಟು. ದೆಹಲಿ ಮಂಗಳೂರು ಟಿಕೆಟನ್ನು ಅದೇ ದಿನಕ್ಕೆ ಮಾಡಬೇಡಿ, ಮರುದಿನಕ್ಕೆ ಮಾಡಿ.